ಮಗುವಿಗೆ ಖದೀಜಾ ಎಂದು ಹೆಸರಿಡಲು ಹೊರಟರೆ ಅರ್ಥದ ಮೇಲೆ ಮನೆಯಲ್ಲಿ ಜಗಳ

ಪುತ್ತೂರಿನ ಸೋದರಮಾವ:
ತಂಗಿಗೆ ಹೆಣ್ಣುಮಗುವಾಗಿದೆ. ಏಳನೇ ದಿನಕ್ಕೆ ಹೆಸರಿಡಬೇಕು. ತನ್ನ ತಾಯಿಯ ಹೆಸರು ಖದೀಜಾ, ಅದನ್ನೇ ಇಡಿ ಎಂದು ತಂಗಿಯ ಅತ್ತೆ ಮೊದಲೇ ಹೇಳಿಟ್ಟಿದ್ದರು. ನಾವು ಬ್ಯಾರಿಗಳು. ಹಿರಿಯರ ಹೆಸರು ಮೊಮ್ಮಕ್ಕಳಿಗೆ, ಮರಿಮಕ್ಕಳಿಗೆ ಬರುವುದು ನಮ್ಮಲ್ಲಿ ಹೊಸತೇನಲ್ಲ, ಹಾಗಾಗಿ ಯಾರೂ ತಕರಾರು ಎತ್ತಿರಲಿಲ್ಲ. ಮೊನ್ನೆ ತಂಗಿಯ ಮೈದುನ ಮೊಬೈಲಿನಲ್ಲಿ ಅರ್ಥ ಹುಡುಕಿ, ಬಾಣಂತಿಯ ಎದುರಿಗೇ, “ಖದೀಜಾ ಎಂದರೆ ದಿನ ತುಂಬುವ ಮೊದಲೇ ಹುಟ್ಟಿದ ಮಗು” ಎಂದು ಗಟ್ಟಿಯಾಗಿ ಓದಿಬಿಟ್ಟ. ಮಗು ನಿಜಕ್ಕೂ ಎಂಟನೇ ತಿಂಗಳಲ್ಲಿ ಹುಟ್ಟಿದೆ. ತಂಗಿಗೆ ಅದು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಈಗ ಆ ಹೆಸರು ಬೇಡವೇ ಬೇಡ ಎನ್ನುತ್ತಿದ್ದಾಳೆ. ಅತ್ತೆ ಮಾತು ಬಿಟ್ಟಿದ್ದಾರೆ. ಮೈದುನನ ಸಲಹೆ ಲಾಯಿಬಾ. ಅದಕ್ಕೆ “ಸ್ವರ್ಗದ ಅಪ್ಸರೆ” ಎಂಬ ಅರ್ಥವಿದೆಯಂತೆ. ಅರಬ್ಬಿ ಬಲ್ಲವರು ದಯವಿಟ್ಟು ಹೇಳಿ: ಖದೀಜಾ ಬಗ್ಗೆ ಅವನು ಓದಿದ್ದು ನಿಜವೇ? ಲಾಯಿಬಾ ಸರಿಯೇ?

ಮೂರಕ್ಷರ:
ನಿಜ. ಅರಬ್ಬಿಯ ಬಹುಪಾಲು ಪದಗಳು ಮೂರು ವ್ಯಂಜನಗಳ ಮೂಲದಿಂದ ಹುಟ್ಟುತ್ತವೆ. ಇಲ್ಲಿನ ಮೂಲ ಖ-ದ-ಜ. ಹೆಣ್ಣೊಂಟೆ ದಿನ ತುಂಬುವ ಮೊದಲೇ ಈದರೆ ಈ ಮೂಲದ ಕ್ರಿಯಾಪದವನ್ನು ಬಳಸುತ್ತಿದ್ದರು. ಆದರೆ ಇದರಲ್ಲಿ ಅಪಶಕುನ ಏನಿದೆ? ಆ ಹೆಸರಿನಿಂದ ಪ್ರಸಿದ್ಧರಾದವರು ಮಕ್ಕಾದ ವ್ಯಾಪಾರಿ ಖದೀಜಾ. ಸಿರಿಯಾದತ್ತ ಹೋಗುವ ಸಾರ್ಥಗಳಲ್ಲಿ ಸ್ವಂತ ಸರಕು ಹಾಕುತ್ತಿದ್ದ ಹೆಂಗಸು. ಪ್ರವಾದಿಯವರು ಮೊದಲು ಅವರ ಬಳಿ ಕೆಲಸಕ್ಕಿದ್ದು, ಅನಂತರ ಅವರ ಪತಿಯಾದರು. ಅರಬ್ಬರು ಮಗಳಿಗೆ ಖದೀಜಾ ಎಂದು ಇಡುವಾಗ ನೆನೆಯುವುದು ಅವರನ್ನು, ಒಂಟೆಯನ್ನಲ್ಲ.

ಲಾಯಿಬಾ ವಿಷಯ: ಲ-ಅ-ಬ ಮೂಲಕ್ಕೆ ಆಡು ಎಂಬ ಅರ್ಥ. ಲಾಯಿಬಾ ಎಂದರೆ ಆಡುವವಳು. ಅರಬ್ ದೇಶಗಳಲ್ಲಿ ಫುಟ್‌ಬಾಲ್ ಆಟಗಾರ್ತಿಗೂ ಇದೇ ಪದ. ಅಪ್ಸರೆ ಎನ್ನುವುದು ನಮ್ಮ ಉಪಖಂಡದಲ್ಲಿ ಹಬ್ಬಿದ ಮಾತು.

ಸುಮ್ಮನೆ ಓದುಗ:
ಆಟಗಾರ್ತಿಯೇ ವಾಸಿ. ಅಪ್ಸರೆಯರು ಮಾಡಿದ್ದೆಲ್ಲ ಋಷಿಗಳ ತಪಸ್ಸು ಕೆಡಿಸಿದ್ದು.

ಕೊಡಿಯಾಲದ ಹೆಣ್ಣು:
ಹೆಸರಿನ ಅರ್ಥ ಹೇಳುವ ಆ ಜಾಲತಾಣಗಳನ್ನು ಮೊದಲು ಪಕ್ಕಕ್ಕಿಡಿ. ಅವುಗಳ ಪ್ರಕಾರ ಜಗತ್ತಿನ ಹೆಣ್ಣುಮಕ್ಕಳೆಲ್ಲ ಒಂದೋ ರಾಜಕುಮಾರಿ, ಇಲ್ಲವೇ ಸ್ವರ್ಗದ ಹೂವು. ಫಾತಿಮಾ ಎಂಬುದಕ್ಕೆ “ಮೋಹಕ ಚೆಲುವೆ” ಎಂದು ಬರೆದದ್ದನ್ನು ನಾನೇ ನೋಡಿದ್ದೇನೆ. ಫ-ತ-ಮ ಎಂದರೆ ಮಗುವಿಗೆ ಮೊಲೆಹಾಲು ಬಿಡಿಸು ಎಂದರ್ಥ, ಚೆಲುವು ಎಲ್ಲಿಂದ ಬಂತು?

ನಾನು ಕ್ರೈಸ್ತಳು. ನಮ್ಮ ಓಣಿಯಲ್ಲಿ ಇಬ್ಬರು ಫಾತಿಮಾ ಇದ್ದಾರೆ, ಇಬ್ಬರೂ ಭಾನುವಾರ ಇಗರ್ಜಿಗೆ ಬರುವವರೇ. ಪೋರ್ಚುಗಲ್‌ನಲ್ಲಿ ಫಾತಿಮಾ ಎಂಬ ಊರಿದೆ. ಅರಬರು ಆಳಿದ ಕಾಲದ ನೆನಪು ಹೊತ್ತ ಹೆಸರು. 1917ರಲ್ಲಿ ಅಲ್ಲಿ ಮೂವರು ಕುರಿ ಕಾಯುವ ಮಕ್ಕಳಿಗೆ ಮೇರಿಮಾತೆ ಕಾಣಿಸಿದರೆಂಬ ಸುದ್ದಿ ಹರಡಿ ಅದು ದೊಡ್ಡ ಯಾತ್ರಾಸ್ಥಳವಾಯಿತು. ಪ್ರವಾದಿಯವರ ಮಗಳ ಹೆಸರು ಹೀಗೆ ಲಿಸ್ಬನ್ ದಾರಿಯಾಗಿ ಕರಾವಳಿಯ ಕ್ರೈಸ್ತರ ಮನೆಗೂ ಬಂದಿದೆ.

ಗದಗ ಕಡೆಯ ಮಾಸ್ತರ:
ನಿವೃತ್ತ ಶಿಕ್ಷಕ ನಾನು. ಹಾಜರಿ ಪುಸ್ತಕದಲ್ಲಿ ಕಂಡ ಹೆಸರುಗಳ ಬಗ್ಗೆ ಎರಡು ಮಾತು. ನಮ್ಮ ಕಡೆ ಅಚ್ಚ ಅರಬ್ಬಿ ಹೆಣ್ಣುಹೆಸರುಗಳಿಗಿಂತ ಹೆಚ್ಚಾಗಿ ಇದ್ದದ್ದು ಇಮಾಂಬಿ, ಕಾಶೀಂಬಿ, ಹುಸೇನಬಿ, ಖಾಜಾಬಿ, ದಸ್ತಗೀರಬಿ. ಗಂಡು ಹೆಸರಿಗೆ ‘ಬಿ’ ಹಚ್ಚಿದರೆ ಹೆಣ್ಣಿನದು ತಯಾರು. ಬೀಬಿ ಎಂಬುದು ಮೊಟಕಾಗಿ ‘ಬಿ’ ಆಗಿದೆ. ಹರಕೆ ಹೊತ್ತು ಹುಟ್ಟಿದ ಮಕ್ಕಳಿಗೆ ಇಂಥ ಹೆಸರು. ಮೊಹರಂ ಹಬ್ಬದಲ್ಲಿ ಅಲಾಯಿ ದೇವರಿಗೆ ಬೇಡಿಕೊಂಡ ಹಿಂದೂ ಮನೆಗಳಲ್ಲೂ ಹುಸೇನಪ್ಪ, ಹುಸೇನಮ್ಮ ಇದ್ದಾರೆ. ಫಕೀರಪ್ಪ, ಫಕೀರಮ್ಮ ಎಂಬವರಂತೂ ಲೆಕ್ಕವಿಲ್ಲ. ಶಿರಹಟ್ಟಿಯ ಫಕೀರೇಶ್ವರರ ಒಕ್ಕಲಿನವರಲ್ಲಿ ಅದು ಮನೆಮಾತಿನಂಥ ಹೆಸರು. ಫಕೀರ ಎಂದರೆ ಅರಬ್ಬಿಯಲ್ಲಿ ಬಡವ. ಅರ್ಥ ನೋಡಿ ಹೆಸರಿಡುವುದಾಗಿದ್ದರೆ ಯಾವ ತಾಯಿ ಮಗಳನ್ನು ಬಡವಿ ಎಂದು ಕರೆಯುತ್ತಿದ್ದಳು?

ಇನ್ನೊಂದು. ನಮ್ಮ ತರಗತಿಯಲ್ಲಿ ಹಾಜಿರಾ ಎಂಬ ಹುಡುಗಿ ಇದ್ದಳು. ಹೆಸರು ಕೂಗಿದೊಡನೆ ಹಿಂದಿನ ಬೆಂಚಿನವರು “ಹಾಜಿರಾ ಹಾಜರ್” ಎಂದು ಒಕ್ಕೊರಲಿನಿಂದ ಅರಚುತ್ತಿದ್ದರು. ಆ ಎರಡೂ ಒಂದೇ ಪದವೇ ಎಂಬ ಪ್ರಶ್ನೆ ನನ್ನಲ್ಲಿ ಇಂದಿಗೂ ಉಳಿದಿದೆ.

ಮೂರಕ್ಷರ:
ಮಾಸ್ತರರೇ, ಬೇರೆ ಬೇರೆ. ನಮ್ಮ ಹಾಜರಿ ಹುಟ್ಟಿದ್ದು ಹ-ದ-ರ ಮೂಲದಿಂದ, ಎದುರಿಗಿರು ಎಂದರ್ಥ. ಅದರ ನಡುವಣ ಅಕ್ಷರ ‘ದಾದ್’. ಅರಬರ ಬಾಯಲ್ಲಿ ಭಾರವಾದ ದ, ಪಾರಸಿಯಲ್ಲಿ ಝ, ಕನ್ನಡಕ್ಕೆ ಬರುವಷ್ಟರಲ್ಲಿ ಜ. ಕೊಲ್ಲಿ ದೇಶದವರು ರಮದಾನ್ ಎಂದರೆ ನಾವು ರಂಜಾನ್ ಎನ್ನುವುದೂ ಇದರಿಂದಲೇ. 1236ರಿಂದ 1240ರವರೆಗೆ ದಿಲ್ಲಿ ಆಳಿದ ರಜಿಯಾ ಕೂಡ ಅರಬ್ಬಿಯಲ್ಲಿ ರದಿಯ್ಯಾ, ಅಂದರೆ ತೃಪ್ತಳು, ಮೆಚ್ಚುಗೆಯಾದವಳು.

ಹಾಜಿರಾ ಬೈಬಲ್ಲಿನ ಹಾಗರ್, ಇಬ್ರಾಹೀಮರ ಪತ್ನಿ, ಇಸ್ಮಾಯೀಲರ ತಾಯಿ. ಅರಬರು ಅದನ್ನು ಹ-ಜ-ರ ಮೂಲಕ್ಕೆ, ಅಂದರೆ ನೆಲೆ ಬಿಟ್ಟು ಹೋಗು ಎಂಬುದಕ್ಕೆ ಜೋಡಿಸುತ್ತಾರೆ. ಹಿಜರಿ ಶಕೆಯ ಹಿಜರಿ ಬಂದದ್ದೂ ಆ ಮೂಲದಿಂದಲೇ. ಹಾಗಾಗಿ “ಹಾಜಿರಾ ಹಾಜರ್” ಎಂದರೆ “ಬಿಟ್ಟುಹೋದವಳು ಇಲ್ಲೇ ಇದ್ದಾಳೆ” ಎಂದಾಗುತ್ತದೆ. ಹಿಂದಿನ ಬೆಂಚಿನವರಿಗೆ ಗೊತ್ತಿಲ್ಲದೆ ಒಳ್ಳೆಯ ಮಾತೇ ಹೊರಟಿದೆ.

ಶುದ್ಧ ಅರಬ್ಬಿ:
ಪುತ್ತೂರಿನವರಿಗೆ ನನ್ನ ಸಲಹೆ: ಖದೀಜಾ ಅಚ್ಚ ಅರಬ್ಬಿ ಹೆಸರು, ಇಡಿ. ಈಗಿನ ಶಬಾನಾ, ಶಬ್ನಮ್, ಶಿರೀನ್, ನಸ್ರೀನ್, ಪರ್ವೀನ್, ರುಖ್ಸಾನಾ, ಜರೀನಾ ಇವೆಲ್ಲ ಪಾರಸಿ. ಬೇಗಂ ತುರ್ಕಿ. ಅರ್ಧದಷ್ಟು ಜನ ಇವನ್ನೂ ಅರಬ್ಬಿ ಎಂದೇ ತಿಳಿದಿದ್ದಾರೆ. ನಮ್ಮ ಹೆಸರುಗಳನ್ನು ಸ್ವಲ್ಪ ಸೋಸಿಕೊಳ್ಳಬೇಕು.

ಚುಕ್ಕಿ ಎಣಿಸುವವ:
ಸೋಸುವ ಮೊದಲು ಒಂದು ನಿಮಿಷ. ಪರ್ವೀನ್ ಎಂದರೆ ಪಾರಸಿಯಲ್ಲಿ ಕೃತ್ತಿಕಾ ನಕ್ಷತ್ರಪುಂಜ. ಅದೇ ಪುಂಜಕ್ಕೆ ಅರಬ್ಬಿಯಲ್ಲಿ ಸುರಯ್ಯಾ. ಅಂದರೆ ಪರ್ವೀನ್, ಸುರಯ್ಯಾ, ಕೃತ್ತಿಕಾ ಮೂವರೂ ಒಂದೇ ಹೆಸರಿನವರು. ನಮ್ಮ ಕಚೇರಿಯಲ್ಲಿ ಒಬ್ಬ ಪರ್ವೀನ್ ಮತ್ತು ಒಬ್ಬ ಕೃತ್ತಿಕಾ ಅಕ್ಕಪಕ್ಕದ ಮೇಜಿನವರು. ಈ ಸಂಗತಿ ಹೇಳಿದ ದಿನದಿಂದ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಅದಲುಬದಲು ಮಾಡಿ ಕರೆದುಕೊಳ್ಳುತ್ತಿದ್ದಾರೆ. ಹಾಜರಿ ಸಹಿ ಮಾತ್ರ ಅವರವರದೇ.

ಮಂಡ್ಯದ ಮೊಂಡ:
ಶುದ್ಧ ಅರಬ್ಬಿಯವರೇ, ಸೋಸಲು ಕುಳಿತರೆ ಬಟ್ಟಲಲ್ಲಿ ಏನು ಉಳಿಯುತ್ತದೆ? ಮರಿಯಮ್ ಹೀಬ್ರೂ ಮೂಲದ್ದು, ಸಿರಿಯಾಕ್ ದಾರಿಯಲ್ಲಿ ಬಂದದ್ದು. ಕುರ್‌ಆನ್ ಹೆಸರು ಹಿಡಿದು ಕರೆಯುವ ಏಕೈಕ ಹೆಣ್ಣು ಅವರೇ, 19ನೇ ಅಧ್ಯಾಯದ ಹೆಸರೇ ಮರಿಯಮ್. ಸಾರಾ ಹೀಬ್ರೂ. ಹವ್ವಾ ಹೀಬ್ರೂ. ಇನ್ನು ಫಿರ್ದೌಸ್? ಹಳೆಯ ಇರಾನಿ ಭಾಷೆಯಲ್ಲಿ ಗೋಡೆ ಸುತ್ತಿದ ತೋಟಕ್ಕಿದ್ದ ಪದ ಅದು. ಕುರ್‌ಆನ್‌ನಲ್ಲೇ ಅದು ಸ್ವರ್ಗಕ್ಕೆ ಬಂದಿದೆ. ಇಂಗ್ಲಿಷಿನ ಪ್ಯಾರಡೈಸ್ ಸಹ ಅದೇ ಬೇರಿನದು.

ಶುದ್ಧ ಅರಬ್ಬಿ:
ಕುರ್‌ಆನ್‌ಗೆ ಬಂದ ಮೇಲೆ ಅದು ಅರಬ್ಬಿಯೇ. ಚರ್ಚೆ ಬೇಡ.

ಮಂಡ್ಯದ ಮೊಂಡ:
ಹಾಗಾದರೆ ಮಂಡ್ಯಕ್ಕೆ ಬಂದ ಮೇಲೆ ಶಿರೀನ್ ಕನ್ನಡವೇ. ಚರ್ಚೆ ಬೇಡ.

ಜುಬೈಲಿನಿಂದ:
ನಾನು ಸೌದಿಯಲ್ಲಿ ಕೆಲಸಕ್ಕಿದ್ದೇನೆ. ನಮ್ಮ ಅರಬ್ಬಿ ಹೆಸರುಗಳನ್ನು ಕೇಳಿ ಅರಬರು ಹುಬ್ಬೇರಿಸುವುದು ಇಲ್ಲಿ ನಿತ್ಯದ ನೋಟ. ನನ್ನ ಹೆಂಡತಿ ಕುಲ್ಸುಮ್. ಈಜಿಪ್ಟಿನ ಸಹೋದ್ಯೋಗಿ ಕೇಳಿದ: “ಹೆಂಡತಿಗೆ ಗಂಡಸಿನ ಹೆಸರೇಕೆ?” ಅಸಲು ಹೆಸರು ಉಮ್ಮು ಕುಲ್ಸೂಮ್, ಅಂದರೆ ಕುಲ್ಸೂಮನ ತಾಯಿ. ಪ್ರವಾದಿಯವರ ಒಬ್ಬ ಮಗಳ ಹೆಸರು, ಅವನ ದೇಶದ ಮಹಾನ್ ಗಾಯಕಿಯ ಹೆಸರೂ ಹೌದು. ಬರಿಯ ಕುಲ್ಸೂಮ್ ಎಂಬುದು ಹಳೆಯ ಅರಬರಲ್ಲಿ ಗಂಡಿನ ಹೆಸರು. ಇಸ್ಲಾಮಿಗೂ ಮುಂಚಿನ ಕವಿ ಅಮ್ರ್ ಇಬ್ನ್ ಕುಲ್ಸೂಮನ ತಂದೆಗೆ ಇದ್ದದ್ದು ಅದೇ. ನಮ್ಮವರು ತಾಯಿಯನ್ನು ಕಳಚಿ ಮಗನನ್ನು ಉಳಿಸಿಕೊಂಡು, ಅದನ್ನೇ ಹೆಣ್ಣಿಗಿಟ್ಟರು.

ತಬಸ್ಸುಮ್ ಎಂದರೆ ಮುಗುಳ್ನಗು, ಪದ ಅರಬ್ಬಿಯದೇ, ಆದರೆ ಇಲ್ಲಿ ಯಾವ ಅರಬ್ಬಳಿಗೂ ಆ ಹೆಸರಿರುವುದನ್ನು ನಾನು ಕಂಡಿಲ್ಲ. ಇನ್ನು ಇಕ್ಬಾಲ್. ನಮ್ಮೂರಿನ ಗಡ್ಡದ ಇಕ್ಬಾಲಣ್ಣ ಈಜಿಪ್ಟಿಗೆ ಹೋದರೆ ಅಲ್ಲಿ ಅದು ಹೆಂಗಸರ ಹೆಸರು.

ಕೊಡಿಯಾಲದ ಹೆಣ್ಣು:
ಕೊನೆಗೆ ‘ಆ’ ಬಂದರೆ ಹೆಣ್ಣು ಎಂದು ಶಾಲೆಯಲ್ಲಿ ಕೇಳಿದ್ದೆ. ಜಮೀಲ್–ಜಮೀಲಾ, ರಶೀದ್–ರಶೀದಾ, ಲತೀಫ್–ಲತೀಫಾ, ಹೀಗೆ.

ಮೂರಕ್ಷರ:
ಮುಕ್ಕಾಲು ಪಾಲು ಅದೇ ನಿಯಮ. ಆದರೆ ಹಂಝ, ತಲ್ಹಾ, ಉಸಾಮಾ ಮೂವರೂ ಗಂಡಸರು. ಝೈನಬ್, ಮರಿಯಮ್, ಹಿಂದ್ ಇವರಿಗೆ ‘ಆ’ ಇಲ್ಲ, ಮೂವರೂ ಹೆಂಗಸರು.

ಇನ್ನೊಂದು ಸೊಗಸಾದ ಜೋಡಿ ಇದೆ. ಅಕ್ಬರ್ ಎಂದರೆ ಎಲ್ಲರಿಗಿಂತ ದೊಡ್ಡವನು, ಅದರ ಹೆಣ್ಣುರೂಪ ಅಕ್ಬರಾ ಅಲ್ಲ, ಕುಬ್ರಾ. ಅಸ್ಗರ್ ಚಿಕ್ಕವನಾದರೆ ಚಿಕ್ಕವಳು ಸುಗ್ರಾ. ಬಣ್ಣ, ಹೊಳಪುಗಳಿಗೆ ಬೇರೆ ಅಚ್ಚು: ಅಝ್‌ಹರ್ ಎಂದರೆ ಹೊಳೆಯುವವನು, ಹೆಣ್ಣಾದರೆ ಝಹ್ರಾ. ಅಹ್ಮರ್ ಕೆಂಪನೆಯವನು, ಹೆಣ್ಣಾದರೆ ಹಮ್ರಾ. ಸ್ಪೇನಿನ ಗ್ರಾನಡಾದಲ್ಲಿರುವ ಅಲ್‌ಹಂಬ್ರಾ ಅರಮನೆ ಎಂದರೆ ಬರಿಯ ‘ಕೆಂಪನೆಯವಳು’, ಅಲ್ ಹಮ್ರಾ.

ಚುಕ್ಕಿ ಎಣಿಸುವವ:
ಝಹ್ರಾ ಮತ್ತು ಝೊಹ್ರಾ ಒಂದೇ ಎಂದು ಯಾರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ, ಝೊಹ್ರಾ ಎಂದರೆ ಶುಕ್ರಗ್ರಹ.

ಬೇರು ಬಿಳಲು:
ಮೇಲೆ ಹಿಂದ್ ಎಂಬ ಹೆಸರು ಬಂತು. ಅದು ನಮ್ಮ ದೇಶದ ಹೆಸರೇ ತಾನೆ?

ಮೂರಕ್ಷರ:
ಅಕ್ಷರಗಳು ಅವೇ. ಆದರೆ ಹೆಂಗಸರ ಹೆಸರಾಗಿ ಹಿಂದ್ ಬಹಳ ಹಳೆಯದು. ಹಳೆಯ ನಿಘಂಟುಕಾರರು ಅದಕ್ಕೆ ಒಂಟೆಗಳ ದೊಡ್ಡ ಗುಂಪು ಎಂಬ ಅರ್ಥ ಕೊಡುತ್ತಾರೆ. ಮಕ್ಕಾದ ಅಬೂ ಸುಫ್ಯಾನನ ಹೆಂಡತಿ ಹಿಂದ್. ಪ್ರವಾದಿಯವರ ಪತ್ನಿ ಉಮ್ಮು ಸಲಮಾ ಅವರ ಸ್ವಂತ ಹೆಸರೂ ಹಿಂದ್.

ಬೇರು ಬಿಳಲು:
ಒಂಟೆಗಳ ಗುಂಪು! ಹಿಂದ್ ಎಂದರೆ ಹಿಂಡು! ಇದು ಕನ್ನಡದಿಂದಲೇ ಅರಬ್ಬಿಗೆ ಹೋದ ಪದ. ಸಾಕ್ಷಿ ಇನ್ನೇನು ಬೇಕು?

ಸುಮ್ಮನೆ ಓದುಗ:
ಕಾದಿದ್ದೆ, ಬಂತು.

ಗದಗ ಕಡೆಯ ಮಾಸ್ತರ:
ತಮ್ಮಾ, ಎರಡು ಪದ ಒಂದೇ ಥರ ಕೇಳಿಸಿದ ಮಾತ್ರಕ್ಕೆ ಬೀಗರಾಗುವುದಿಲ್ಲ. ನಿಜವಾದ ನಂಟು ಬೇಕಿದ್ದರೆ ಕತ್ತಿಯ ಕಡೆ ನೋಡು. ಭಾರತದ ಉಕ್ಕಿನಿಂದ ಮಾಡಿದ ಕತ್ತಿಯನ್ನು ಅರಬ್ ಕವಿಗಳು ‘ಮುಹನ್ನದ್’ ಎಂದು ಹಾಡಿ ಹೊಗಳಿದ್ದಾರೆ. ಆ ಉಕ್ಕು ದಕ್ಷಿಣದ್ದು. ಯುರೋಪಿನವರು ಅದಕ್ಕೆ ಕೊಟ್ಟ ವೂಟ್ಸ್ ಎಂಬ ಹೆಸರು ನಮ್ಮ ಉಕ್ಕು ಎಂಬುದರಿಂದಲೇ ಬಂತೆಂದು ವಿದ್ವಾಂಸರು ಬರೆದಿದ್ದಾರೆ.

ಬೇರು ಬಿಳಲು:
ಸರಿ ಮಾಸ್ತರರೇ, ಹಿಂಡನ್ನು ಬಿಟ್ಟು ಉಕ್ಕನ್ನು ಇಟ್ಟುಕೊಳ್ಳುತ್ತೇನೆ.

ಕಾಮಕಸ್ತೂರಿ:
ನನ್ನ ಹೆಸರು ರೆಹಾನಾ. ಅರಬ್ಬಿಯಲ್ಲಿ ರೈಹಾನ್ ಎಂದರೆ ಪರಿಮಳದ ಗಿಡ, ಅದರಲ್ಲೂ ಮುಖ್ಯವಾಗಿ ಕಾಮಕಸ್ತೂರಿ. ಶರಬತ್ತಿಗೆ ಹಾಕಿದರೆ ಉಬ್ಬಿಕೊಳ್ಳುವ ಆ ಕಪ್ಪು ಬೀಜದ ಗಿಡ. ತುಳಸಿಯ ಹತ್ತಿರದ ನೆಂಟ. ಅಮ್ಮ ಹಿತ್ತಲಿನಲ್ಲಿ ಅದನ್ನು ಬೆಳೆಸಿದ್ದರು, ಪಕ್ಕದ ಮನೆಯ ಅಂಗಳದಲ್ಲಿ ತುಳಸಿಕಟ್ಟೆ. ಪಕ್ಕದ ಮನೆಯ ಹುಡುಗಿ ವೃಂದಾ ನನ್ನ ಗೆಳತಿ. ನಮ್ಮಿಬ್ಬರ ಹೆಸರೂ ಒಂದೇ ಕುಲದ ಗಿಡ ಎಂದು ತಿಳಿದದ್ದು ಕಾಲೇಜಿನ ಸಸ್ಯಶಾಸ್ತ್ರದ ತರಗತಿಯಲ್ಲಿ.

ಕನ್ನಡದಲ್ಲೇ ಸಿಗುವ ಜೋಡಿಗಳನ್ನು ಹುಡುಕುವ ಚಟ ಅಂದಿನಿಂದ ನನಗೆ ಅಂಟಿದೆ. ನಜ್ಮಾ ನಮ್ಮ ತಾರಾ. ಸಾಬಿರಾ ನಮ್ಮ ಸಹನಾ. ಉಮೈಮಾ ಎಂಬ ಹೆಸರು ‘ಉಮ್ಮ್’ ಎಂಬುದರ ಮುದ್ದಿನ ರೂಪ, ಅಪ್ಪಟ ಪುಟ್ಟಮ್ಮ. ಅಮಲ್ ಎಂದರೆ ಆಶಾ. ಆದರೆ ಅಮಲ್ ಎಂಬ ಹೆಸರನ್ನು ಇಲ್ಲಿ ಇಡಬೇಡಿ, ನೆಂಟರು ಮೂಗಿನ ಮೇಲೆ ಬೆರಳಿಡುತ್ತಾರೆ.

ಜುಬೈಲಿನಿಂದ:
ಅಮಲ್ದಾರರ ಅಮಲ್ ಬೇರೆ ಅಕ್ಷರದ್ದು, ಕೆಲಸ ಎಂದರ್ಥ. ಅದು ಗಂಟಲಾಳದ ‘ಐನ್’ನಿಂದ ಶುರುವಾಗುತ್ತದೆ. ಅರಬರ ಕಿವಿಗೆ ಎರಡೂ ಸ್ಪಷ್ಟವಾಗಿ ಬೇರೆ, ನಮ್ಮ ಕಿವಿಗೆ ಒಂದೇ.

ಮಂಡ್ಯದ ಮೊಂಡ:
ಹೆಸರಿನ ಮಾತಿರಲಿ, ನಮ್ಮ ಕಂದಾಯ ಇಲಾಖೆಯೇ ಅರಬ್ಬಿಯಲ್ಲಿ ಓಡುತ್ತಿದೆಯಲ್ಲ. ಇಲಾಖೆ, ತಾಲೂಕು, ವಸೂಲಿ, ದಾಖಲೆ, ಹಕ್ಕು, ತಕರಾರು. ಆಮಿನಾ ಎಂಬ ಹೆಸರಿನ ಮೂಲವೇ ನಮ್ಮ ‘ಅಮಾನತು’ ಎಂಬುದರದ್ದೂ.

ಮೂರಕ್ಷರ:
ಮೊಂಡನವರು ಹೇಳಿದ್ದು ಸರಿ. ಅ-ಮ-ನ, ಭದ್ರತೆ ಮತ್ತು ನಂಬಿಕೆ. ನಂಬಿ ಒಪ್ಪಿಸಿದ ವಸ್ತು ಅಮಾನತು, ನಂಬಿಕೆ ಈಮಾನ್, ಪ್ರಾರ್ಥನೆಯ ಕೊನೆಯ ಆಮೀನ್, ನ್ಯಾಯಾಲಯದ ನೋಟಿಸು ತರುವ ಅಮೀನ, ಎಲ್ಲರೂ ಒಂದೇ ಮನೆಯವರು. ಪ್ರವಾದಿಯವರ ತಾಯಿ ಆಮಿನಾ, ಭದ್ರಳು ಎಂದರ್ಥ. ಅಮೀನಾ ಎಂದರೆ ನಂಬಿಕಸ್ಥೆ. ಅರಬ್ಬಿಯಲ್ಲಿ ಇವು ಎರಡು ಹೆಸರು, ನಮ್ಮ ಪಡಿತರ ಚೀಟಿಯಲ್ಲಿ ಒಂದೇ.

ಪುತ್ತೂರಿನ ಸೋದರಮಾವ:
ಎಲ್ಲರಿಗೂ ಕೃತಜ್ಞತೆ. ಮೂರಕ್ಷರ ಅವರ ಮೊದಲ ಉತ್ತರವನ್ನು ಅತ್ತೆಯ ಎದುರಿಗೇ ಓದಿದೆ. ಲಾಯಿಬಾ ಬಿದ್ದುಹೋಯಿತು. “ನನ್ನ ಉಮ್ಮನೂ ದಿನ ತುಂಬುವ ಮೊದಲೇ ಹುಟ್ಟಿದವಳು, ತೊಂಬತ್ತರವರೆಗೆ ಬದುಕಿದಳು” ಎಂದರು ಅತ್ತೆ. ಇದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, ಯಾರು ಕೇಳಿದರು ಎಂದು ನನ್ನ ಮೇಲೇ ರೇಗಿದರು. ತಂಗಿ ಇನ್ನೂ ಹೂಂ ಎಂದಿಲ್ಲ. ಬದುಕು ಎಂಬ ಅರ್ಥವಿರುವ ಹೆಸರು ಇದ್ದರೆ ಹೇಳಿ ಎನ್ನುತ್ತಿದ್ದಾಳೆ.

ಕೊಡಿಯಾಲದ ಹೆಣ್ಣು:
ಆಯಿಶಾ! ಬದುಕಿರುವವಳು, ಬಾಳುವವಳು.

ಮೂರಕ್ಷರ:
ಹವ್ವಾ ಕೂಡ. ಹೀಬ್ರೂ ಬೈಬಲ್ ಆ ಹೆಸರನ್ನು ಜೀವ ಎಂಬುದಕ್ಕೆ ಜೋಡಿಸುತ್ತದೆ. ಬೈಬಲನ್ನು ಗ್ರೀಕಿಗೆ ತಂದ ಹಳಬರು ಆದಿಕಾಂಡದಲ್ಲಿ ಆದಾಮನು ಹೆಂಡತಿಗೆ ಹೆಸರಿಡುವ ಕಡೆ ಹವ್ವಾ ಎಂದು ಬರೆಯದೆ ‘ಜೋಯೆ’ ಎಂದೇ ಬರೆದರು, ಗ್ರೀಕಿನಲ್ಲಿ ಜೀವ. ಈಗ ಎಲ್ಲೆಡೆ ಕೇಳಿಬರುವ ಜೋಯಾ ಆ ಗ್ರೀಕ್ ಪದದ್ದೇ, ರಷ್ಯನ್ನರ ಬಾಯಲ್ಲಿ ಈ ರೂಪ ತಳೆದದ್ದು.

ಕಾಮಕಸ್ತೂರಿ:
ಅಕ್ಕನಿಗೆ ಹೇಳಿ, ಎರಡೂ ಇಡಬಹುದು. ಖದೀಜಾ ಆಯಿಶಾ ಎಂದರೆ ಬೇಗ ಬಂದು ಬಾಳಿದವಳು ಎಂದಾಗುತ್ತದೆ.

ಸುಮ್ಮನೆ ಓದುಗ:
ಈ ಎಳೆಯಲ್ಲಿ ಮೊದಲ ಬಾರಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೇನೆ.

ಉಳ್ಳಾಲದ ಕಾಕ:
ಇಟ್ಟ ಮೇಲೆ ಕಾಗುಣಿತ ನೋಡಿಕೊಳ್ಳಿ. ನಮ್ಮ ಮನೆಯ ಒಬ್ಬಳೇ ಹೆಂಗಸು ಜನನ ಪತ್ರದಲ್ಲಿ ಖತೀಜ, ಶಾಲೆಯಲ್ಲಿ ಕದೀಜಮ್ಮ, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಉಮ್ರಾಗೆ ಹೊರಟಾಗ ಮೂವರೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಬೇಕಾಯಿತು. ಹಿಂದಿನವರ ಹೆಸರುಗಳು ಬಾಯಲ್ಲಿ ಸವೆದು ನಮ್ಮವೇ ಆಗಿದ್ದವು: ಐಸಮ್ಮ, ಅವ್ವಮ್ಮ, ಬೀಪಾತುಮ್ಮ, ಮರಿಯಮ್ಮ. ಬರೆಯುವವರು ಒಂದು ದೀರ್ಘ ಎಳೆದರೆ ಮರಿಯಮ್ಮ ಹೋಗಿ ಮಾರಿಯಮ್ಮ. ಈಗ ಮೊದಲ ದಿನವೇ ಒಂದು ಕಾಗದದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದು ಗುಮಾಸ್ತರ ಕೈಗೆ ಕೊಡಿ, ಬಾಯಿಮಾತಿನಲ್ಲಿ ಹೇಳಬೇಡಿ.

ಪುತ್ತೂರಿನ ಸೋದರಮಾವ:
ಕಾಕ, ಆ ಕೆಲಸ ಮೈದುನನಿಗೇ ಒಪ್ಪಿಸುತ್ತೇವೆ. ಓದಲು ಬರುತ್ತದಲ್ಲ.

ರಾಯಚೂರಿನ ಹುಡುಗಿ:
ತಡವಾಗಿ ಬಂದೆ. ನನ್ನ ಅಜ್ಜಿ ಮಾಬುಬಿ. ಅದಕ್ಕೂ ಅರಬ್ಬಿ ಮೂಲ ಇದೆಯೇ, ಅಥವಾ ಅದು ನಮ್ಮ ಕಡೆಯವರೇ ಕಟ್ಟಿದ ಹೆಸರೇ?

ಗದಗ ಕಡೆಯ ಮಾಸ್ತರ:
ಎರಡೂ ಹೌದು, ತಾಯಿ. ಮಹಬೂಬ್ ಅರಬ್ಬಿ, ಪ್ರೀತಿಪಾತ್ರ ಎಂದರ್ಥ. ಮಹಬೂಬೆ ಸುಬ್ಹಾನಿ ಎಂಬುದು 1166ರಲ್ಲಿ ಬಾಗ್ದಾದಿನಲ್ಲಿ ತೀರಿಕೊಂಡ ಸಂತ ಅಬ್ದುಲ್ ಖಾದಿರ್ ಜೀಲಾನಿಯವರ ಬಿರುದು. ಅದು ನಮ್ಮ ಕಡೆ ಗಂಡಾದರೆ ಮಾಬುಸುಬಾನಿ, ಹೆಣ್ಣಾದರೆ ಮಾಬುಬಿ. ಕೈಹಿಡಿದು ಕಾಯುವವ ಎಂಬ ಅರ್ಥದ ದಸ್ತಗೀರ್ ಕೂಡ ಅವರದೇ ಬಿರುದು, ಅದು ಪಾರಸಿ. ನಿಮ್ಮ ಅಜ್ಜಿಯ ಓಣಿಯಲ್ಲಿ ಒಬ್ಬ ದಸ್ತಗೀರಬಿಯೂ ಇದ್ದಿರಬೇಕಲ್ಲ?

ರಾಯಚೂರಿನ ಹುಡುಗಿ:
ಇದ್ದರು ಸರ್, ಅಜ್ಜಿಯ ಸ್ವಂತ ತಂಗಿ.